ಹೊರಗಿನ ಬೆಂಚಿನಲ್ಲಿ ಕುಳಿತವರು

ನಮ್ಮ ಸಂಘದ ಸಭೆಗಳಲ್ಲಿ ಗಡಿಯ ಪ್ರಶ್ನೆ, ಕನ್ನಡ ಶಾಲೆಗಳ ಅಳಿವು ಉಳಿವು, ನಾಡಹಬ್ಬದ ಸಿದ್ಧತೆ ಇವೆಲ್ಲ ಚರ್ಚೆಗೆ ಬರುತ್ತವೆ. ಒಂದು ವಿಷಯ ಮಾತ್ರ ಎಂದೂ ಬರುವುದಿಲ್ಲ. ಅದು ನಮ್ಮವರ ಮನೆಗಳೊಳಗಿನ ಕುಡಿತ. ಮರ್ಯಾದೆಯ ಪ್ರಶ್ನೆಯೆಂದು ಅದನ್ನು ಎಲ್ಲರೂ ಮುಚ್ಚಿಡುತ್ತೇವೆ. ನಾನೂ ಬಹುಕಾಲ ಮುಚ್ಚಿಟ್ಟವರಲ್ಲೊಬ್ಬ.

ಕೆಲವು ವರ್ಷಗಳ ಹಿಂದೆ, ಮುಂಬಯಿಯ ನಮ್ಮ ಚಾಳಿನಲ್ಲಿದ್ದ ಉತ್ತರ ಕನ್ನಡದ ಹೆಣ್ಣುಮಗಳೊಬ್ಬಳ ಜೊತೆ ಅವಳ ಗಂಡನನ್ನು ಆಸ್ಪತ್ರೆಗೆ ಕರೆದೊಯ್ದಿದ್ದೆ. ವೈದ್ಯರು ಅವನನ್ನು ಒಳಗೆ ಕರೆದರು. ಅವಳು ಹೊರಗಿನ ಬೆಂಚಿನಲ್ಲಿ ಕುಳಿತಳು. ಹತ್ತು ದಿನಗಳ ಚಿಕಿತ್ಸೆ ಮುಗಿಯುವವರೆಗೂ ಅವಳ ಸ್ಥಾನ ಆ ಬೆಂಚೇ ಆಗಿತ್ತು. ಅವನು ಯಾವ ದಿನ, ಯಾರೊಡನೆ, ಯಾವ ಜಗಳದ ನಂತರ ಕುಡಿಯುತ್ತಾನೆಂಬುದು ಅವಳಿಗೆ ತಿಳಿದಿತ್ತು. ಅದನ್ನು ಅವಳಿಂದ ಯಾರೂ ಕೇಳಲಿಲ್ಲ. ಬಿಡುಗಡೆಯ ದಿನ ಮಾತ್ರೆಗಳ ಚೀಟಿಯನ್ನು ಅವಳ ಕೈಗಿತ್ತರು. ತಿಂಗಳು ತುಂಬುವ ಮೊದಲೇ ಅವನು ಮತ್ತೆ ಕುಡಿದು ಬಂದ. "ಅಣ್ಣಾ, ಮನೆಗೆ ಬಂದಮೇಲೆ ನಾನೇನು ಮಾಡಬೇಕು ಅಂತ ಅಲ್ಲಿ ಯಾರೂ ಹೇಳಲಿಲ್ಲವಲ್ಲ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಇದು ಒಂದು ಮನೆಯ ಕತೆಯಲ್ಲ. ಕೇಂದ್ರ ಸರಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಪಾನದ ತೊಂದರೆಗೆ ನೆರವು ಬೇಕಾದವರು ದೇಶದಲ್ಲಿ ಸುಮಾರು 5.7 ಕೋಟಿ. ಮದ್ಯಕ್ಕೆ ದಾಸರಾದವರಲ್ಲಿ 38 ಮಂದಿಗೆ ಒಬ್ಬರಷ್ಟೇ ಯಾವುದಾದರೊಂದು ಚಿಕಿತ್ಸೆ ಪಡೆದುದಾಗಿ ಹೇಳಿದ್ದಾರೆ. ಆ ಒಬ್ಬನೂ ಒಂಟಿಯಾಗಿಯೇ ಚಿಕಿತ್ಸೆ ಪಡೆದು, ಹಳೆಯ ಗೆಳೆಯರಿರುವ ಅದೇ ಗಲ್ಲಿಗೆ ಮರಳಿದರೆ ಫಲವೇನು?

ಇದಕ್ಕೆ ವೈದ್ಯರ ನಿರ್ದಯತೆ ಕಾರಣವೆಂದು ನಾನು ಹೇಳಲಾರೆ. ರೋಗವನ್ನು ರೋಗಿಯ ದೇಹದಲ್ಲಿ ಹುಡುಕುವುದನ್ನು ಅವರಿಗೆ ಕಲಿಸಲಾಗಿದೆ. ಒಂದು ಕೋಣೆಯಲ್ಲಿ ಕುಡುಕನನ್ನು, ಅವನ ಹೆಂಡತಿಯನ್ನು, ಅಣ್ಣನನ್ನು, ಜೊತೆಗೆಲಸದವನನ್ನು ಕೂರಿಸಿಕೊಂಡು, ಜಗಳವಾಗದಂತೆ ಮಾತು ನಡೆಸುವುದು ಬೇರೆಯೇ ಒಂದು ವಿದ್ಯೆ. ಅದನ್ನು ಕಲಿಯಬೇಕಾಗುತ್ತದೆ, ಕಲಿಸಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ ಅಲೆಕ್ಸ್ ಕೊಪೆಲ್ಲೊ, ಜಿಮ್ ಆರ್ಫರ್ಡ್ ಮೊದಲಾದ ಮನೋವಿಜ್ಞಾನಿಗಳು ಈ ವಿದ್ಯೆಗೆ ಒಂದು ಕ್ರಮವನ್ನು ಕೊಟ್ಟಿದ್ದಾರೆ. ಮೊದಲ ಭೇಟಿಯಲ್ಲೇ ವ್ಯಸನಿಯ ಬಳಗದ ನಕ್ಷೆಯನ್ನು ಬರೆಯುತ್ತಾರೆ. ಯಾರು ಹತ್ತಿರದವರು, ಯಾರು ಕುಡಿತಕ್ಕೆ ಕರೆಯುವವರು, ಯಾರ ಮಾತಿಗೆ ಬೆಲೆಯಿದೆ ಎಂಬುದೆಲ್ಲ ಅದರಲ್ಲಿ ಮೂಡುತ್ತದೆ. ಸಹಾಯಕ್ಕೆ ಒದಗುವವರನ್ನು ಚಿಕಿತ್ಸೆಗೆ ಕರೆಯುತ್ತಾರೆ. ದೂಷಿಸದೆ ಮಾತನಾಡುವುದು ಹೇಗೆ, ಮತ್ತೆ ಜಾರಿದರೆ ಯಾರು ಏನು ಮಾಡಬೇಕು ಎಂಬುದನ್ನು ಎಲ್ಲರೂ ಕೂಡಿ ನಿರ್ಧರಿಸುತ್ತಾರೆ. ವ್ಯಸನಿ ಬಾರದ ದಿನವೂ ಬಳಗದವರೊಡನೆ ಕೆಲಸ ನಡೆಯಬಹುದು. 742 ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗದಲ್ಲಿ ಇದನ್ನು, ವ್ಯಸನಿಯೊಬ್ಬನೊಡನೆಯೇ ನಡೆಸುವ ಪ್ರೇರಣಾ ಚಿಕಿತ್ಸೆಯ ಜೊತೆ ಹೋಲಿಸಿ ನೋಡಿದರು. ಎರಡೂ ಸರಿಸಮವಾಗಿ ಫಲ ಕೊಟ್ಟವು. ಬಳಗದ ಚಿಕಿತ್ಸೆಯೇ ಮೇಲೆಂದು ಅದು ಸಾಧಿಸಲಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಆದರೆ ಅದು ಪ್ರೇರಣಾ ಚಿಕಿತ್ಸೆಗಿಂತ ಕಡಿಮೆಯಲ್ಲವೆಂಬುದು ಕಂಡುಬಂತು. ಅಲ್ಲಿ ನನ್ನ ಗಮನ ಸೆಳೆದದ್ದು ತರಬೇತಿಯ ರೀತಿ. ಭಾಷಣ ಕೇಳಿ ಪ್ರಮಾಣಪತ್ರ ಪಡೆಯುವುದಲ್ಲ. ಸಮಾಲೋಚಕರು ತಾವು ನಡೆಸಿದ ಭೇಟಿಗಳನ್ನು ವೀಡಿಯೋದಲ್ಲಿ ದಾಖಲಿಸಿ, ಹಿರಿಯರೊಡನೆ ಕುಳಿತು ತಿದ್ದಿಕೊಳ್ಳಬೇಕಾಗಿತ್ತು.

ಇದು ನಮಗೆ ಪರದೇಶದ ಸರಕೇನೂ ಅಲ್ಲ. 1950ರ ದಶಕದಲ್ಲೇ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಮನೋರೋಗಿಗಳ ಬಂಧುಗಳನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಇರಿಸಿಕೊಂಡು ಚಿಕಿತ್ಸೆ ನಡೆಸಿದರು. ಚೆನ್ನೈಯಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಆರಂಭಿಸಿದ ಸಂಸ್ಥೆ ಕುಟುಂಬದವರಿಗೂ ಚಿಕಿತ್ಸೆಯಲ್ಲಿ ಸ್ಥಾನ ಕೊಟ್ಟಿತು. ಹಳ್ಳಿಗಳಿಗೇ ಹೋಗಿ ಶಿಬಿರ ನಡೆಸಿತು. ಪುಣೆಯಲ್ಲಿ ಅನಿಲ್ ಮತ್ತು ಅನಿತಾ ಅವಚಟ್ ದಂಪತಿ 1986ರಲ್ಲಿ ಕಟ್ಟಿದ ಮುಕ್ತಾಂಗಣದಲ್ಲಿ ವ್ಯಸನಿಗಳ ಪತ್ನಿಯರಿಗಾಗಿಯೇ ಒಂದು ಕೂಟ ಬೆಳೆಯಿತು. ನಮ್ಮ ಊರುಗಳಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ನಡೆಸುವುದರಲ್ಲಿ ಊರವರೇ ಮುಂದಿರುತ್ತಾರೆ. ಸಂಪ್ರದಾಯವಿದೆ, ಅದನ್ನು ಪ್ರತಿಯೊಬ್ಬ ವೈದ್ಯ, ದಾದಿ, ಸಮಾಜಕಾರ್ಯಕರ್ತನ ಕಡ್ಡಾಯ ಶಿಕ್ಷಣವಾಗಿಸುವ ಕೆಲಸ ಬಾಕಿಯಿದೆ.

ಆಕ್ಷೇಪಗಳಿಲ್ಲವೆಂದಲ್ಲ. ಕುಡಿತದಿಂದ ಬೆಂದ ಹೆಂಡತಿಯ ತಲೆಯ ಮೇಲೆ ಚಿಕಿತ್ಸೆಯ ಹೊರೆಯನ್ನೂ ಹೊರಿಸುವುದು ನ್ಯಾಯವೇ? ಹೊಡೆಯುವ ಗಂಡನೆದುರು ಅವಳನ್ನು ಕೂರಿಸಿ 'ಹೇಳಮ್ಮಾ' ಎನ್ನುವುದು ಕ್ಷೇಮವೇ? ಗುಟ್ಟು ಬಳಗದಲ್ಲೆಲ್ಲ ಹರಡಿದರೆ ಗತಿಯೇನು? ಈ ಭಯಗಳು ನಿಜ. ತರಬೇತಿ ಬೇಕೆಂದು ನಾನು ಹೇಳುತ್ತಿರುವುದೂ ಇದೇ ಕಾರಣಕ್ಕೆ. ಯಾರನ್ನು ಕರೆಯಬೇಕು, ಯಾರನ್ನು ಕರೆಯಬಾರದು, ಹೆಂಡತಿಯೊಡನೆ ಪ್ರತ್ಯೇಕವಾಗಿ ಯಾವಾಗ ಮಾತನಾಡಬೇಕು ಎಂಬ ವಿವೇಕವಿಲ್ಲದ ಒಳ್ಳೆಯತನ ಅಪಾಯಕಾರಿ. ಅವಳನ್ನು ಕಾವಲುಗಾರ್ತಿಯಾಗಿ ಅಲ್ಲ, ತನ್ನದೇ ನೋವುಳ್ಳ ವ್ಯಕ್ತಿಯಾಗಿ ಕಾಣಬೇಕು.

ಹೊರನಾಡಿನಲ್ಲಿರುವ ನಮಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಊರಿನಲ್ಲಿ ಮಾವ, ದಾಯಾದಿ, ನೆರೆಯವರು ಇರುತ್ತಾರೆ. ಇಲ್ಲಿ ಹೋಟೆಲಿನ ಮಾಳಿಗೆಯಲ್ಲಿ ಮಲಗುವ ಹುಡುಗನಿಗೆ ಬಳಗವೆಂದರೆ ಪಕ್ಕದ ಚಾಪೆಯವನು ಮತ್ತು ಗಲ್ಲೆಯ ಮೇಲಿನ ಧಣಿ. ಇಬ್ಬರಲ್ಲಿ ಯಾರಿಗೂ ಆಸ್ಪತ್ರೆಯಿಂದ ಕರೆ ಹೋಗುವುದಿಲ್ಲ. ಮಾತಿನ ತೊಡಕೂ ಇದೆ: ಬಾಜಾರಿಗೆ ಸಾಲುವಷ್ಟು ಹಿಂದಿ, ಮರಾಠಿ ಬಲ್ಲವರಿಗೂ ಸಂಕಟವನ್ನು ಹೇಳಿಕೊಳ್ಳಲು ತಾಯ್ನುಡಿಯೇ ಬೇಕು.

ಆದುದರಿಂದ ಸಂಘಗಳ ಮುಂದೆ ಎರಡು ಸಲಹೆಗಳನ್ನಿಡುತ್ತೇನೆ. ಪ್ರತಿ ಸಂಘವೂ ಇಬ್ಬರು ಮೂವರು ಸದಸ್ಯರನ್ನು ಆರಿಸಿ, ನಗರದ ಒಳ್ಳೆಯ ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ತರಬೇತಿಗೆ ಕಳುಹಿಸಲಿ. ಅವರು ಚಿಕಿತ್ಸಕರ ಬದಲಿಗಲ್ಲ, ಚಿಕಿತ್ಸಕರಿಗೂ ನಮ್ಮ ಮನೆಗಳಿಗೂ ನಡುವಣ ಸೇತುವೆಯಾಗಲಿ. ಎರಡನೆಯದಾಗಿ, ನಮ್ಮಲ್ಲೇ ಇರುವ ವೈದ್ಯರು, ದಾದಿಯರು ತಮ್ಮ ಸಂಸ್ಥೆಗಳಲ್ಲಿ ಈ ಶಿಕ್ಷಣವನ್ನು ಕೇಳಿ ಪಡೆಯಲಿ. ಒಂದು ನಾಟಕೋತ್ಸವಕ್ಕೆ ಚಂದಾ ಎತ್ತುವಷ್ಟು ಶ್ರಮ ಸಾಕು.

ಆ ಹೆಣ್ಣುಮಗಳು ಈಗ ಮಕ್ಕಳೊಡನೆ ಊರಿಗೆ ಹಿಂದಿರುಗಿದ್ದಾಳೆ. ಗಂಡ ಬದುಕಿ ಉಳಿಯಲಿಲ್ಲ. ಆಕೆ ಕುಳಿತಿದ್ದಂಥ ಬೆಂಚುಗಳಲ್ಲಿ ಇಂದೂ ಯಾರೋ ಕುಳಿತಿರುತ್ತಾರೆ. ಅವರನ್ನು ಒಳಗೆ ಕರೆಯುವಂಥ ವೈದ್ಯರನ್ನು ತಯಾರು ಮಾಡುವುದು ಸರಕಾರದ ಕೆಲಸ; ಅಲ್ಲಿಯವರೆಗೆ ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವುದು ನಮ್ಮ ಕೆಲಸ.