ಕೆರೆ ಕಾದವರಿಗೆ ಕುರ್ಚಿ ಕೊಡಿ

ಮಂಡಿಕಲ್ ಹೋಬಳಿಯ ಬಂಧುಗಳೇ,

'ಕೂಲಿ ಮಾಡೋರಿಗೆ ಪರಿಸರ ಅಂದ್ರೆ ಏನು ಗೊತ್ತು? ಅವರಿಗೆ ಮೊದಲು ಹೊಟ್ಟೆ' ಅನ್ನುವ ಮಾತನ್ನು ನಮ್ಮಲ್ಲಿ ಓದಿದವರೂ ಸಲೀಸಾಗಿ ಆಡುತ್ತಾರೆ. ಇದಕ್ಕೆ ವಿದ್ವಾಂಸರ ಬೆಂಬಲವೂ ಸಿಕ್ಕಿತ್ತು. ನೆಮ್ಮದಿಯಲ್ಲಿ ಬೆಳೆದ ಪೀಳಿಗೆಯ ಮನಸ್ಸು ಅನ್ನದ ಚಿಂತೆ ಬಿಟ್ಟು ಬೇರೆ ಮೌಲ್ಯಗಳತ್ತ ಹೊರಳುತ್ತದೆ ಎಂದು ಅಮೆರಿಕದ ರೊನಾಲ್ಡ್ ಇಂಗಲ್‌ಹಾರ್ಟ್ 1977ರಲ್ಲಿ ಪುಸ್ತಕವನ್ನೇ ಬರೆದರು. ಪರಿಸರ ಕಾಳಜಿಯೂ ಉಳ್ಳವರದೇ ಎಂದು ಹಲವರು ಅದರಿಂದ ಅರ್ಥ ಮಾಡಿಕೊಂಡರು. ಬಡವರಿಗೂ ಅವರದೇ ಪರಿಸರವಾದವಿದೆ ಎಂದು ಇತಿಹಾಸಕಾರ ರಾಮಚಂದ್ರ ಗುಹಾ ಅವರಂಥವರು ಆಮೇಲೆ ಜಗಳ ತೆಗೆದರು. ಈ ಜಗಳದ ತೀರ್ಪಿಗೆ ನಾವು ಪುಸ್ತಕ ತೆರೆಯಬೇಕಿಲ್ಲ. ನಮ್ಮ ಕೆರೆ ಏರಿ ಹತ್ತಿದರೆ ಸಾಕು.

ನದಿಯ ನೀರಿಲ್ಲದ ಈ ಸೀಮೆಯನ್ನು ಬದುಕಿಸಿದ್ದು ಕೆರೆ. ಕೆರೆಯನ್ನು ಬದುಕಿಸಿದವನು ನೀರಗಂಟಿ. ಮಳೆರಾತ್ರಿಯಲ್ಲಿ ಏರಿ ಮೇಲೆ ಲಾಟೀನು ಹಿಡಿದು ಬಿರುಕು ಹುಡುಕುತ್ತಿದ್ದವನು, ಮುಳುಗಿ ತೂಬು ತೆಗೆಯುತ್ತಿದ್ದವನು, ನೀರು ಕಮ್ಮಿಯಾದ ವರ್ಷ ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ ಹರಿಸುತ್ತಿದ್ದವನು ಅವನೇ. ಬಹುತೇಕ ಊರುಗಳಲ್ಲಿ ಅವನು ದಲಿತ. ಸುಗ್ಗಿಯಲ್ಲಿ ಕಣಕ್ಕೆ ಬಂದು ಕೈಯೊಡ್ಡಿದರೆ ಆಯದ ಕಾಳು ಸಿಗುತ್ತಿತ್ತು. ಊರಿಗೆಲ್ಲ ನೀರು ಹಂಚಿದ ಆ ಕೈ ಊರಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ! ವಂಶಪಾರಂಪರ್ಯದ ಆ ಚಾಕರಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಹೋಯಿತು. ಹೋಗಬೇಕಾದ್ದೇ, ಅದಕ್ಕಾಗಿ ಯಾರೂ ಕಣ್ಣೀರು ಹಾಕಬೇಕಿಲ್ಲ. ಆದರೆ ಕೆಲಸದ ಜೊತೆ ಆ ವಿದ್ಯೆಯನ್ನೂ ಬಿಟ್ಟುಕೊಟ್ಟೆವು. ಕೆರೆ ಇಲಾಖೆಯದಾಯಿತು, ಕಾಲುವೆ ಒತ್ತುವರಿಯಾಯಿತು, ಅಂಗಳದಲ್ಲಿ ಜಾಲಿ ಎದ್ದಿತು.

ಆಮೇಲೆ ನೀಲಗಿರಿ ಬಂತು. ಎಂಬತ್ತರ ದಶಕದಲ್ಲಿ, ನಾವಿನ್ನೂ ಕೋಲಾರ ಜಿಲ್ಲೆಯವರಾಗಿದ್ದಾಗ, ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳೇ ತೋಪಾದವು. ಬೆಂಗಳೂರಿನಲ್ಲಿ ಕೂತ ಜಮೀನುದಾರನಿಗೆ ಇದಕ್ಕಿಂತ ಸುಖದ ಬೆಳೆ ಯಾವುದು? ಕಳೆ ಕೀಳುವ ರಗಳೆಯಿಲ್ಲ, ಕೂಲಿಯ ಕಾಟವಿಲ್ಲ. ಆ ಕಾಟವೇ ದಲಿತ ಕಾಲೋನಿಯ ಹೆಂಗಸರ ಅನ್ನವಾಗಿತ್ತು. ಅವನಿಗೆ ಅದು ಹಸಿರು, ಅವರಿಗೆ ಅದು ನಿಂತುಹೋದ ಕೆಲಸ. ಪಕ್ಕದ ತುಮಕೂರು ಜಿಲ್ಲೆಯಲ್ಲಿ 1983ರಲ್ಲೇ ರೈತ ಸಂಘದವರು ನೀಲಗಿರಿ ಸಸಿ ಕಿತ್ತೆಸೆದಿದ್ದರು. ಹೊಸದಾಗಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಹಾಗಾದರೆ ಪರಿಸರ ಯಾರಿಗೆ ಮೊದಲು ಅರ್ಥವಾಗಿತ್ತು, ಹೇಳಿ.

ಈಗ ಬೋರು. ಸಾವಿರ ಅಡಿ ದಾಟಿ ಕೊರೆಸಲು ತಾಕತ್ತಿದ್ದವರು ಕೊರೆಸಿದರು. ಒಂದು ಫೇಲಾದರೆ ಇನ್ನೊಂದು, ಅದೂ ಫೇಲಾದರೆ ಸಾಲ. 2011ರ ಅಂತರ್ಜಲ ಕಾಯ್ದೆ ಕಾಗದದಲ್ಲಿ ತಣ್ಣಗೆ ಮಲಗಿದೆ. ಆಳದಿಂದ ಮೇಲೆ ಬಂದ ನೀರಿನ ಜೊತೆ ಫ್ಲೋರೈಡೂ ಬಂತು, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಶುದ್ಧ ನೀರಿನ ಘಟಕದ ಮುಂದೆ ಒಮ್ಮೆ ನಿಂತು ನೋಡಿ. ಕಾರಿನಲ್ಲಿ ಬಂದವರು ನಾಲ್ಕು ಕ್ಯಾನು ತುಂಬಿಸಿಕೊಂಡು ಹೋಗುತ್ತಾರೆ. ಕೂಲಿಯಿಂದ ಬಂದ ಅಕ್ಕ ಸೆರಗಿನ ಗಂಟಿನಿಂದ ನಾಣ್ಯ ಬಿಚ್ಚಿ, ಒಂದೇ ಕ್ಯಾನು ಹಿಡಿದು ಸೊಂಟಕ್ಕೇರಿಸುತ್ತಾಳೆ. ಅದು ಕುಡಿಯೋಕೆ ಮಾತ್ರ. ಮುದ್ದೆಗೆ, ಸಾರಿಗೆ ನಲ್ಲಿಯಲ್ಲಿ ಬರುವ ಬೋರಿನ ನೀರೇ. ಅವಳ ಮಗ ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ.

'ಹಾಗಿದ್ದರೆ ಈ ಕೂಲಿಯವರೇಕೆ ಬಾಯಿ ಬಿಡುವುದಿಲ್ಲ?' ಅನ್ನುತ್ತೀರಿ. 2021ರ ಫೆಬ್ರವರಿಯಲ್ಲಿ ಪೆರೇಸಂದ್ರ ಬಳಿಯ ಹಿರೇನಾಗವಲ್ಲಿಯಲ್ಲಿ ಕಲ್ಲು ಕ್ವಾರಿಯ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಛಿದ್ರವಾದರು. ಅದಾದ ಮೇಲೂ ಹುಡುಗರು ಕ್ರಷರಿಗೆ ಹೋಗುತ್ತಾರೆ. ಧೂಳು ಕುಡಿಯುವವನಿಗೆ ಧೂಳಿನ ಅರಿವಿಲ್ಲವೇ? ಸಂಬಳ ಕೊಡುವವನ ಎದುರು ಮಾತಾಡುವ ಧೈರ್ಯ ನಮಗೂ ನಿಮಗೂ ಎಷ್ಟಿದೆ?

ನಾವು ನಿಂತ ಜಾಗವೇ ನಮ್ಮ ನ್ಯಾಯವನ್ನೂ ತಿದ್ದುತ್ತದೆ. ಪಶ್ಚಿಮಘಟ್ಟದಿಂದ ನಮಗೆ ನೀರು ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಮುದ್ದೇನಹಳ್ಳಿಯಲ್ಲಿ ಅಡಿಗಲ್ಲು ಬಿದ್ದಾಗ ನಾವು ಪಟಾಕಿ ಹೊಡೆಯುವ ಉತ್ಸಾಹದಲ್ಲಿದ್ದೆವು, ಕಾಡು ಹೋಗುತ್ತದೆ ಎಂದ ಕರಾವಳಿಯವರನ್ನು ಸ್ವಾರ್ಥಿಗಳೆಂದು ಬೈದೆವು. ಆ ಹೊಳೆಯಿರುವ ಸಕಲೇಶಪುರದಲ್ಲಿ ಹುಟ್ಟಿದ್ದರೆ ನಾವೇನು ಬೇರೆ ಕೂಗುತ್ತಿದ್ದೆವೇ?

ಆದ್ದರಿಂದ ಜೂನ್ 5ರ ಪರಿಸರ ದಿನದಂದು ಸಸಿ ಹಿಡಿದು ಫೋಟೊ ತೆಗೆಸಿಕೊಳ್ಳುವ ಮುಂಚೆ ಒಂದು ಗ್ರಾಮಸಭೆ ಕರೆಯಿರಿ. ಎಷ್ಟು ಬೋರಿದೆ, ಎಷ್ಟು ಆಳಕ್ಕಿದೆ ಎಂದು ದೊಡ್ಡ ಹಿಡುವಳಿಯವರು ಎದ್ದು ನಿಂತು ಹೇಳಲಿ. ಸುಳ್ಳು ಹೇಳಿದರೆ ಗೊತ್ತಾಗುತ್ತದೆ, ಪೈಪ್ ಇಳಿಸಿದವರು ಅಲ್ಲೇ ಕೂತಿರುತ್ತಾರೆ. ಕೆರೆ ಸಮಿತಿಯಲ್ಲಿ ಕಾಲೋನಿಯ ಹೆಂಗಸರಿಗೆ ಹಿಂದಿನ ಚಾಪೆಯಲ್ಲ, ಸಹಿ ಹಾಕುವ ಕುರ್ಚಿ ಕೊಡಿ. ನೀರಗಂಟಿಯ ಹುದ್ದೆ ಮತ್ತೆ ಬರಲಿ: ಜಾತಿಯ ಚಾಕರಿಯಾಗಿ ಅಲ್ಲ, ಯಾರು ಬೇಕಾದರೂ ಅರ್ಜಿ ಹಾಕಬಹುದಾದ, ತಿಂಗಳ ಸಂಬಳದ ಕೆಲಸವಾಗಿ. ಆ ಅರ್ಜಿಯನ್ನು ನಿಮ್ಮ ಮನೆಯ ಮಗನೂ ಹಾಕಲಿ. ಹಾಕುತ್ತಾನೆಯೇ ಎಂದು ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವನನ್ನೇ ಕೇಳಿ.