ಬಿಗಿ ಮಾಡಿ ಮಾಡಿ ಹಲ್ಲು ಉದುರಿಸುವವರಿಗೆ

"ಮಾಷ್ಟ್ರೇ, ಇದೂ ಹೋಯಿತು" ಎಂದು ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೊನ್ನೆ ಮೇಜಿನ ಮೇಲೆ ತಂದಿಟ್ಟದ್ದು ಹಲ್ಲು ಬೋಳಾದ ಪ್ಲಾಸ್ಟಿಕ್ ಚಕ್ರ. ಇದು ಮೂರನೆಯದು. ಗಲ್ಫಿನಲ್ಲಿರುವ ಅವನ ಮಾವ ರಜೆಗೆ ಬಂದಾಗ ತಂದುಕೊಟ್ಟ ರಿಮೋಟ್ ಟ್ರಕ್ಕಿನದು. ಜಾತ್ರೆಯಲ್ಲಿ ಸಿಗುವ ಆಟಿಕೆಯಲ್ಲ, ಒಂದೊಂದು ಸ್ಕ್ರೂ ಬಿಚ್ಚಿ ಜೋಡಿಸಬಹುದಾದ ಟ್ರಕ್ಕು. ಮೊದಲ ಚಕ್ರ ಹೋದಾಗ ಪೇಟೆಯ ಒಬ್ಬ ರಿಪೇರಿಯವರು "ಗೇರ್ ಲೂಸಿತ್ತು, ಟೈಟ್ ಮಾಡಿದ್ದೇನೆ" ಎಂದರಂತೆ. ಎರಡನೆಯದು ಎರಡು ವಾರ ಬಂತು. ಮೂರನೆಯದನ್ನು ಇನ್ನೂ ಟೈಟ್ ಮಾಡಿದರು, ನಾಲ್ಕೇ ದಿನ! ಈಗ ಮನೆಯಲ್ಲಿ "ಇವನ ಕೈಗೆ ಕೊಟ್ಟದ್ದು ಯಾವುದೂ ಉಳಿಯುವುದಿಲ್ಲ" ಎಂಬ ಮಾತು. ಹುಡುಗನೂ ಅದನ್ನು ನಂಬಿಬಿಟ್ಟಿದ್ದಾನೆ. ನಮಗೆ ಸಿಟ್ಟು ಬಂದದ್ದು ಅಲ್ಲಿ.

(ನಮ್ಮ ಕಾಸರಗೋಡಿನ ಮಕ್ಕಳಿಗೆ ಗೇರ್ ಎಂದರೆ ಮೊದಲು ನೆನಪಾಗುವುದು ಗೇರುಬೀಜ. ಆದ್ದರಿಂದ ನಾವು ತರಗತಿಯಲ್ಲಿ ಹಲ್ಲುಚಕ್ರ ಎನ್ನುತ್ತೇವೆ. ಇಲ್ಲಿಯೂ ಹಾಗೆಯೇ.)

ಅಲ್ಲ ಸ್ವಾಮೀ, ಒಂದೇ ಚಿಕಿತ್ಸೆಯಿಂದ ಎರಡು ಸಲ ರೋಗಿ ಸತ್ತ ಮೇಲೆ ಮೂರನೆಯ ಸಲವೂ ಅದೇ ಔಷಧ ಕೊಡುವುದೇ? ಬಿಗಿ ಇದ್ದರೆ ಗಟ್ಟಿ ಎಂಬ ಈ ನಂಬಿಕೆ ಎಲ್ಲಿಂದ ಬಂತೋ! ನಳ್ಳಿಗೆ ಸರಿ, ಬಾಗಿಲ ಚಿಲಕಕ್ಕೆ ಸರಿ. ಹಲ್ಲುಚಕ್ರಕ್ಕೆ ಅಲ್ಲ. ಎರಡು ಚಕ್ರಗಳ ಹಲ್ಲುಗಳ ನಡುವೆ ಕೂದಲೆಳೆಯಷ್ಟಾದರೂ ಸಂದು ಇರಲೇಬೇಕು. ಸಂದು ಹೆಚ್ಚಾದರೆ ಹಲ್ಲಿನ ತುದಿ ಮಾತ್ರ ತಾಗಿ ತುದಿ ಮುರಿಯುತ್ತದೆ, ಅದು ನಿಜ. ಸಂದೇ ಇಲ್ಲದಿದ್ದರೆ ಹಲ್ಲು ಬುಡಕ್ಕೆ ಒತ್ತಿ ತಿಕ್ಕುತ್ತದೆ, ಮೋಟರು ಬಿಸಿಯಾಗುತ್ತದೆ, ಬೇರಿಂಗಿನ ಮೇಲೆ ಭಾರ ಬೀಳುತ್ತದೆ. ಬಿಸಿಯಾದ ನೈಲಾನ್ ಹಿಗ್ಗುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 45 ಮಿ.ಮೀ. ವ್ಯಾಸದ ಚಕ್ರ 40 ಡಿಗ್ರಿ ಬಿಸಿಯಾದರೆ ಅದರ ಅಂಚು ಮಿಲಿಮೀಟರಿನ ನೂರರಲ್ಲಿ ಏಳು ಭಾಗದಷ್ಟು ಹೊರಗೆ ಬರುತ್ತದೆ. ತಣ್ಣಗಿದ್ದಾಗ ಬಿಗಿಯಾಗಿದ್ದದ್ದು ಓಡುವಾಗ ಕಚ್ಚಿ ಹಿಡಿಯುತ್ತದೆ.

ಹಲ್ಲಿನ ಅಂಚಿಗೆ ಕೊಡುವ ಆ ಬಾಗು ಸುಮ್ಮನೆ ಕೊಟ್ಟದ್ದಲ್ಲ. ಹದಿನೆಂಟನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಸೂಚಿಸಿದ ಬಾಗು ಅದು. ಚಕ್ರಗಳು ಒಂದಿಷ್ಟು ದೂರ ಸರಿದರೂ ವೇಗದ ಅನುಪಾತ ಕೆಡುವುದಿಲ್ಲ. ಅಂದರೆ ತುಸು ಸಡಿಲವನ್ನು ಹಲ್ಲು ಕ್ಷಮಿಸುತ್ತದೆ, ಬಿಗಿಯನ್ನು ಕ್ಷಮಿಸುವುದಿಲ್ಲ.

ಇನ್ನೊಂದು ಪಂಗಡ ಇದೆ. ಇವರು ಸ್ವಲ್ಪ ತಿಳಿದವರು. "ಎರಡು ಚಕ್ರಗಳ ನಡುವೆ ಕಾಗದದ ಚೂರು ಸಿಕ್ಕಿಸಿ ಒತ್ತಿ ಹಿಡಿ, ಮೋಟರಿನ ಸ್ಕ್ರೂ ಬಿಗಿ ಮಾಡು, ಕಾಗದ ತೆಗೆ, ಮುಗಿಯಿತು" ಎನ್ನುತ್ತಾರೆ. ಉಪಾಯ ಒಳ್ಳೆಯದೇ. ನೋಟುಪುಸ್ತಕದ ಹಾಳೆಯ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಸಣ್ಣ ಹಲ್ಲಿನ ಚಕ್ರಕ್ಕೆ ಬೇಕಾದ ಸಂದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಚಕ್ರವೇ ಓಲಾಡುತ್ತಿದ್ದರೆ? ನೀವು ಕಾಗದ ಇಟ್ಟ ಜಾಗದಲ್ಲಿ ಸಂದು ಸರಿ. ಅರ್ಧ ಸುತ್ತು ತಿರುಗಿದಾಗ ಅಲ್ಲಿ ಸಂದೇ ಇಲ್ಲ! ಆ ಹುಡುಗನ ಟ್ರಕ್ಕಿನಲ್ಲಿ ನಡೆದದ್ದು ಇದೇ. ಓಲಾಟ ನೋಡದೆ ಸಂದು ಕೂರಿಸುವುದು ಓರೆಯಾದ ಬಾಗಿಲಿಗೆ ಹೊಸ ಬೀಗ ಹಾಕಿದ ಹಾಗೆ.

ನಾವು ಮಾಡಿದ್ದು ಇಷ್ಟು. ಮೊದಲು ಬ್ಯಾಟರಿ ಕಳಚಿದೆವು. (ಇದನ್ನು ಮರೆತರೆ ಬೆರಳು ಹೋದೀತು, ಹುಡುಗರಿಗೆ ಗದರಿಸಿಯೇ ಹೇಳಬೇಕು.) ಉಳಿದಿದ್ದ ಒಂದು ಹೊಸ ಚಕ್ರ ಹಾಕಿ, ಮೋಟರನ್ನು ಹಿಂದಕ್ಕೆ ಸರಿಸಿ, ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸಿದೆವು. ಸೈಕಲ್ ಅಂಗಡಿಯಲ್ಲಿ ಚಕ್ರದ ಬೆಂಡ್ ತೆಗೆಯುವವರು ರಿಮ್ಮಿನ ಪಕ್ಕ ಬೆರಳು ಹಿಡಿಯುವುದನ್ನು ಎಲ್ಲ ಮಕ್ಕಳೂ ನೋಡಿದ್ದಾರೆ. ನಾವು ಪೆನ್ಸಿಲಿನ ಮೊನೆ ಹಿಡಿದೆವು. ಒಂದು ಕಡೆ ಮೊನೆಗೆ ಹಲ್ಲು ತಾಗುತ್ತದೆ, ಎದುರು ಕಡೆ ಸಂದು ಕಾಣುತ್ತದೆ. ತಾಗಿದ ಹಲ್ಲಿಗೆ ಬಾಲ್ ಪೆನ್ನಿನಲ್ಲಿ ಗುರುತು ಹಾಕಿದೆವು.

ಇನ್ನು ತಪ್ಪು ಚಕ್ರದ್ದೋ, ಅದು ಕುಳಿತಿರುವ ಕಂಬಿಯದ್ದೋ? ಚಕ್ರ ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ ನೋಡಿ. ಗುರುತು ಹಾಕಿದ ಹಲ್ಲೇ ಮತ್ತೆ ತಾಗಿದರೆ ಚಕ್ರವೇ ಸೊಟ್ಟ. ಬೇರೆ ಹಲ್ಲು ತಾಗಿದರೆ ಚಕ್ರ ನಿರಪರಾಧಿ, ಕಂಬಿ ಬಾಗಿದೆ ಅಥವಾ ಚಕ್ರ ಕೂರುವ ತಟ್ಟೆ ಓರೆಯಾಗಿದೆ. ಕಂಬಿಯನ್ನೇ ಬೆರಳಿನಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಆಟ ಸಿಕ್ಕಿದರೆ ಬೇರಿಂಗ್ ಹೋಗಿದೆ. ಅಗ್ಗದ ಟ್ರಕ್ಕುಗಳಲ್ಲಿ ಬಾಲ್ ಬೇರಿಂಗೇ ಇರುವುದಿಲ್ಲ, ಪ್ಲಾಸ್ಟಿಕ್ ಬುಷ್ ಇರುತ್ತದೆ, ಅದು ಬೇಗ ಸವೆಯುತ್ತದೆ.

ನಮ್ಮ ಹುಡುಗನ ಟ್ರಕ್ಕಿನಲ್ಲಿ ಬೇರೆ ಹಲ್ಲು ತಾಗಿತು. ಬಿಚ್ಚಿ ನೋಡಿದರೆ ಚಕ್ರದ ಹಿಂದೆ, ತಟ್ಟೆಗೆ ಅಂಟಿಕೊಂಡು, ನಮ್ಮ ಊರಿನ ಮುರಕಲ್ಲಿನ ಒಂದು ಕೆಂಪು ಹರಳು! ಸಾಸಿವೆಗಿಂತ ಚಿಕ್ಕದು. ಒಂದು ಪಕ್ಕಕ್ಕೆ ಎತ್ತಿ ಹಿಡಿದು ಇಡೀ ಚಕ್ರವನ್ನು ಓರೆ ಮಾಡಿತ್ತು. ಮೂರು ಚಕ್ರಗಳನ್ನು ತಿಂದದ್ದು ಅದು. ಹೊಸ ಚಕ್ರ ಹಾಕುವಾಗ ಹಿಂದಿನ ತಟ್ಟೆಯನ್ನು ಬಟ್ಟೆಯಿಂದ ಒರೆಸುವ ಪುರುಸೊತ್ತು ಯಾರಿಗೂ ಇರಲಿಲ್ಲ. ಬೈಗುಳ ಮಾತ್ರ ಹುಡುಗನ ಪಾಲಿಗೆ.

ಎರಕದ ಪ್ಲಾಸ್ಟಿಕ್ ಚಕ್ರದಲ್ಲಿ ಒಂದಿಷ್ಟು ಓಲಾಟ ಇದ್ದೇ ಇರುತ್ತದೆ, ಅದರ ಬೆನ್ನು ಹತ್ತಿ ನಿದ್ದೆಗೆಡಬೇಕಾಗಿಲ್ಲ. ಎಡಬಲಕ್ಕೆ ಸ್ವಲ್ಪ ಬಳುಕಿದರೂ ಪಿನಿಯನ್ನಿನ ಅಗಲದೊಳಗೆ ಇದ್ದರೆ ನಡೆಯುತ್ತದೆ. ದೂರ ಹತ್ತಿರವಾಗುವ ಓಲಾಟವೇ ಕೊಲ್ಲುವುದು. ಆದ್ದರಿಂದ ಕಾಗದ ಇಡಬೇಕಾದ್ದು ಸಿಕ್ಕಿದ ಜಾಗದಲ್ಲಿ ಅಲ್ಲ, ಗುರುತು ಹಾಕಿದ ಆ ಎತ್ತರದ ಹಲ್ಲು ಪಿನಿಯನ್ನಿಗೆ ಎದುರಾದಾಗ. ಅಲ್ಲಿ ಸಂದು ಇದ್ದರೆ ಉಳಿದೆಲ್ಲ ಕಡೆ ಇರುತ್ತದೆ. ಸ್ಕ್ರೂ ಬಿಗಿ ಮಾಡುವಾಗ ಮೋಟರು ಸ್ವಲ್ಪ ಜರಗುತ್ತದೆ, ಆದ್ದರಿಂದ ಬಿಗಿಯಾದ ಮೇಲೆ ಇಡೀ ಸುತ್ತು ತಿರುಗಿಸಿ ಇನ್ನೊಮ್ಮೆ ನೋಡಬೇಕು. ಪಿನಿಯನ್ನಿನ ಪುಟ್ಟ ಸ್ಕ್ರೂ ಮೋಟರಿನ ಕಂಬಿಯ ಚಪ್ಪಟೆ ಭಾಗದ ಮೇಲೆಯೇ ಕೂರಬೇಕು, ದುಂಡು ಭಾಗದ ಮೇಲೆ ಕೂತರೆ ಜಾರುತ್ತದೆ. ಆ ಸ್ಕ್ರೂಗೆ ಹಾಕುವ ಅಂಟು ದ್ರವ ಪ್ಲಾಸ್ಟಿಕ್ಕಿಗೆ ತಾಗಿದರೆ ಪ್ಲಾಸ್ಟಿಕ್ ಬಿರುಕು ಬಿಟ್ಟೀತು.

"ಇದೆಲ್ಲ ಪರೀಕ್ಷೆಗೆ ಬರುತ್ತದೆಯೇ?" ಎಂದು ನಮ್ಮ ಸ್ಟಾಫ್ ರೂಮಿನಲ್ಲಿಯೇ ಕೇಳಿದವರಿದ್ದಾರೆ. ಬಾರದೆ ಏನು? ಆ ಟ್ರಕ್ಕಿನ ದೊಡ್ಡ ಚಕ್ರಕ್ಕೆ 86 ಹಲ್ಲು, ಪಿನಿಯನ್ನಿಗೆ 19, ಎರಡೂ 48 ಪಿಚ್ಚು. ಅಂದರೆ ಒಂದು ಇಂಚು ವ್ಯಾಸಕ್ಕೆ 48 ಹಲ್ಲು. ಕೇಂದ್ರಗಳ ನಡುವಿನ ದೂರ ಎಷ್ಟು ಎಂದು ಕರಿಹಲಗೆಯ ಮೇಲೆ ಕೇಳಿದೆವು. 105ನ್ನು 96ರಿಂದ ಭಾಗಿಸಿ 1.09 ಇಂಚು, ಸುಮಾರು 27.8 ಮಿ.ಮೀ. ಎಂದು ಉತ್ತರ ಕೊಟ್ಟದ್ದು ಹಿಂದಿನ ಬೆಂಚಿನ ಹುಡುಗಿ. ಪಿನಿಯನ್ನಿಗೆ ಒಂದು ಹಲ್ಲು ಹೆಚ್ಚಾದರೆ ಮೋಟರನ್ನು 0.26 ಮಿ.ಮೀ. ಹಿಂದೆ ಸರಿಸಬೇಕು ಎಂಬುದನ್ನು ನಾವು ಕೇಳದೆಯೇ ಹೇಳಿದಳು. ಸಂದು ಸರಿಪಡಿಸದೆ ಪಿನಿಯನ್ ಮಾತ್ರ ಬದಲಿಸಿ ಕೊಡುವವರು ಈ ಲೆಕ್ಕವನ್ನು ಒಮ್ಮೆ ಮಾಡಲಿ. ಪೇಟೆಯಲ್ಲಿ "ಎಲ್ಲ ಒಂದೇ" ಎಂದು 48 ಪಿಚ್ಚಿನ ಚಕ್ರಕ್ಕೆ 0.6 ಮಾಡ್ಯೂಲಿನ ಪಿನಿಯನ್ ಕೊಡುವವರೂ ಇದ್ದಾರೆ. 25.4ನ್ನು 0.6ರಿಂದ ಭಾಗಿಸಿದರೆ 42.3 ಬರುತ್ತದೆ, 48 ಅಲ್ಲ. 32 ಪಿಚ್ಚಿಗೆ 0.8 ಮಾಡ್ಯೂಲು ಹತ್ತಿರ ಬರುತ್ತದೆ, ಅದನ್ನು ಹಿಡಿದುಕೊಂಡು ಎಲ್ಲಕ್ಕೂ ಅನ್ವಯಿಸಿದರೆ ಹೇಗೆ?

ಟ್ರಕ್ಕು ಈಗ ನಾಲ್ಕು ಬ್ಯಾಟರಿ ಓಡಿದೆ. ಮೊದಲ ಓಟದ ನಂತರ ಬಿಚ್ಚಿ ನೋಡಿದಾಗ ಹಲ್ಲಿನ ಬುಡದಲ್ಲಿ ಪುಡಿ ಇರಲಿಲ್ಲ, ಮೋಟರನ್ನು ಕೈಯಲ್ಲಿ ಹಿಡಿಯಬಹುದಾಗಿತ್ತು. ಮಾವನಿಗೆ ಫೋನಿನಲ್ಲಿ ಹುಡುಗ ಹೇಳಿದ್ದನ್ನು ನಾವು ಪಕ್ಕದಲ್ಲಿ ನಿಂತು ಕೇಳಿದೆವು: "ಚಕ್ರ ಬೇಡ ಮಾವ, ಎರಡು ಬೇರಿಂಗ್ ತನ್ನಿ. ಐದು, ಹನ್ನೊಂದು, ನಾಲ್ಕು ಮಿಲಿಮೀಟರಿನದು."