ಕಣ್ಣಿಗೆ ತಕ್ಕ ಅಕ್ಷರ

ಹರಿಹರದಲ್ಲಿ ನಮಗೆ ಹಳೆಯ ಮಿತ್ರರೊಬ್ಬರುಂಟು. ಸಾಯಂಕಾಲ ಒಂದು ತಾಸು ಗ್ರಂಥಾವಲೋಕನ ಮಾಡದೆ ಊಟಕ್ಕೆ ಏಳುವವರಲ್ಲ. ಕಳೆದ ವರ್ಷ ಅವರ ದೃಷ್ಟಿ ಮಂದವಾಗಿ ಸಣ್ಣ ಅಕ್ಷರಗಳು ಕಾಣದಾದುವು. ಓದು ನಿಂತಿತು, ಅದರೊಡನೆ ಅವರ ಮಾತೂ ಕಡಿಮೆಯಾಯಿತು. ಇದನ್ನು ಕಂಡು ಮರುಗಿದ ಮಗನು ಆರು ಅಂಗುಲ ಪರದೆಯ ಇ-ರೀಡರೊಂದನ್ನು ಕೊಂಡು, ಹಳೆಯ ಕನ್ನಡ ಪುಸ್ತಕಗಳನ್ನು ಅದರಲ್ಲಿ ತುಂಬಿಕೊಟ್ಟನು. ನಾವು ದಾವಣಗೆರೆಯಿಂದ ನೋಡಹೋದಾಗ ಆ ಯಂತ್ರವು ಗೂಡಿನಲ್ಲಿ ಪಂಚಾಂಗದ ಮೇಲೆ ಸುಮ್ಮನೆ ಬಿದ್ದಿತ್ತು. "ಮೇಷ್ಟರೆ, ಪುಸ್ತಕದಲ್ಲಿದ್ದುದಕ್ಕಿಂತ ಇದರಲ್ಲಿ ಅಕ್ಷರ ಇನ್ನೂ ಸಣ್ಣದು" ಎಂದರು.

ದೋಷವು ಯಂತ್ರದ್ದಲ್ಲ, ತುಂಬಿದ ಕ್ರಮದ್ದು. ಇದನ್ನು ನಮ್ಮ ವಾಚಕರು ತಿಳಿದಿರುವುದು ಒಳ್ಳೆಯದು.

ಇ-ರೀಡರಿನ ಪರದೆಯು ಮೊಬೈಲಿನದರಂತಲ್ಲ. ವಿದ್ಯುತ್ತಿನ ಪ್ರೇರಣೆಯಿಂದ ಕಪ್ಪು ಬಿಳಿ ಕಣಗಳು ಮೇಲಕ್ಕೂ ಕೆಳಕ್ಕೂ ಸರಿದು ಅಕ್ಷರವಾಗುತ್ತವೆ. ಬಿಸಿಲಿನಲ್ಲಿಯೂ ಕಾಗದದಂತೆ ಕಾಣುತ್ತದೆ. ಪುಟ ಬದಲಿಸುವಾಗ ಮಾತ್ರ ಪರದೆಗೆ ವಿದ್ಯುತ್ತು ಬೇಕಾಗುವುದರಿಂದ ಒಮ್ಮೆ ಚಾರ್ಜು ಮಾಡಿದರೆ ಹಲವು ದಿನ ಬಾಳುತ್ತದೆ.

ಅದರಲ್ಲಿ ತುಂಬುವ ಪುಸ್ತಕಗಳು ಮುಖ್ಯವಾಗಿ ಎರಡು ವಿಧ. ಪಿಡಿಎಫ್ ಎಂಬುದು ಪುಟವನ್ನು ಇದ್ದಂತೆಯೇ ಹಿಡಿದಿಡುತ್ತದೆ. ಹಳೆಯ ಗ್ರಂಥಗಳ ಪಿಡಿಎಫ್‌ಗಳು ಪ್ರಾಯಶಃ ಪುಟಗಳ ಛಾಯಾಚಿತ್ರಗಳೇ. ದೊಡ್ಡ ಪುಟವನ್ನು ಚಿಕ್ಕ ಪರದೆಗೆ ಇಳಿಸಿದರೆ ಅಕ್ಷರವೂ ಕುಗ್ಗುವುದು ಸಹಜ. ಇಂಥವನ್ನೇ ಓದುವ ಗೃಹಸ್ಥರು ಹತ್ತು ಅಂಗುಲದ ಪರದೆಯನ್ನು ಆರಿಸುವುದು ಮೇಲು. ಇಪಬ್ ಎಂಬುದಾದರೋ ಪಾತ್ರೆಗೆ ತಕ್ಕಂತೆ ನಿಲ್ಲುವ ನೀರಿನ ಹಾಗೆ. ಅಕ್ಷರವನ್ನು ಹಿರಿದು ಮಾಡಿದರೆ ಸಾಲುಗಳು ತಾವೇ ಹೊಂದಿಕೊಳ್ಳುತ್ತವೆ. ಕನ್ನಡ ವಿಕಿಸೋರ್ಸ್‌ನಲ್ಲಿರುವ ಗ್ರಂಥಗಳನ್ನು ಈ ರೂಪದಲ್ಲಿ ಇಳಿಸಿಕೊಳ್ಳಬಹುದು.

ಆದರೆ ಕನ್ನಡಿಗರಿಗೆ ಇಲ್ಲೊಂದು ತೊಡಕುಂಟು. 2016ರಲ್ಲಿ ಅಮೆಜಾನ್ ಸಂಸ್ಥೆಯವರು ತಮ್ಮ ಕಿಂಡಲ್‌ನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲೆಯಾಳಗಳಿಗೆ ಎಡೆಯಿಟ್ಟಾಗ ಆ ಪಂಕ್ತಿಯಲ್ಲಿ ಕನ್ನಡಕ್ಕೆ ಎಲೆ ಹಾಕಿರಲಿಲ್ಲ. ನಮ್ಮ ಲಿಪಿಯ ಒತ್ತಕ್ಷರಗಳನ್ನು ಜೋಡಿಸಲು ಎಲ್ಲ ಯಂತ್ರಗಳಿಗೂ ಬರುವುದಿಲ್ಲ. ಆದಕಾರಣ ಹಣ ಕೊಡುವ ಮುನ್ನ ‘ರಾಷ್ಟ್ರ’, ‘ಲಕ್ಷ್ಮೀ’, ‘ಕರ್ತವ್ಯ’ ಎಂಬ ಶಬ್ದಗಳುಳ್ಳ ಇಪಬ್ ಪುಟವೊಂದನ್ನು ಅದರಲ್ಲಿ ತೆರೆಯಿಸಿ ನೋಡಬೇಕು. ಒತ್ತುಗಳು ಚದುರಿದರೆ ಆ ಯಂತ್ರವು ಕನ್ನಡದ ಪರೀಕ್ಷೆಯಲ್ಲಿ ನಪಾಸಾಯಿತೆಂದೇ ತಿಳಿಯತಕ್ಕದ್ದು.

ಮಿತ್ರರ ಯಂತ್ರವೂ ನಪಾಸಾಯಿತು! ಕೊಂಡದ್ದಾಗಿತ್ತು, ಏನು ಮಾಡುವುದು? ಮರುಭಾನುವಾರ ನಾವೂ ಅವರ ಮಗನೂ ಕಂಪ್ಯೂಟರಿನ ಮುಂದೆ ಕುಳಿತೆವು. ವಿಕಿಸೋರ್ಸ್‌ನಿಂದ ಗ್ರಂಥಪಾಠವನ್ನು ತೆಗೆದುಕೊಂಡು, ಧರ್ಮಾರ್ಥವಾಗಿ ದೊರೆಯುವ ಲಿಬ್ರೆ ಆಫೀಸಿನಲ್ಲಿ ಪುಟದ ಅಗಲವನ್ನು 9, ಎತ್ತರವನ್ನು 12 ಸೆಂಟಿಮೀಟರಿಗೆ ಇಳಿಸಿ, ಅಂಚುಗಳನ್ನು ಕಿರಿದು ಮಾಡಿ, ಅಕ್ಷರವನ್ನು 20 ಪಾಯಿಂಟಿಗೆ ಏರಿಸಿ ಪಿಡಿಎಫ್ ಮಾಡಿದೆವು. ಪಿಡಿಎಫ್‌ನಲ್ಲಿ ಅಕ್ಷರಗಳು ಜೋಡಣೆಯಾಗಿಯೇ ಕುಳಿತಿರುವುದರಿಂದ ಯಂತ್ರಕ್ಕೆ ಕನ್ನಡ ಬಾರದಿದ್ದರೂ ಬಾಧಕವಿಲ್ಲ. ಪುಟವು ಪರದೆಯಷ್ಟೇ ಇರುವುದರಿಂದ ಅಕ್ಷರವು ಕುಗ್ಗುವುದೂ ಇಲ್ಲ. ಆಮೇಲೆ ತಂತಿಯಿಂದ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ ಕಡತವನ್ನು ಅದರೊಳಕ್ಕೆ ನಕಲು ಮಾಡಿದೆವು. ಹಿಂದೆ ನುಡಿ ಮೊದಲಾದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಸ್ವಂತ ಬರಹಗಳಿದ್ದರೆ, ಮೊದಲು ಅವನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಪರರ ಸ್ವತ್ತಿನ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ನಮ್ಮ ದೇಶದ 1957ರ ಕಾಯಿದೆಯಂತೆ ಗ್ರಂಥಕರ್ತರ ಮರಣಾನಂತರ 60 ವರ್ಷಗಳವರೆಗೆ ಹಕ್ಕು ಅವರ ವಾರಸುದಾರರದು. 1963ರಲ್ಲಿ ಕಾಲವಾದ ಮಂಜೇಶ್ವರ ಗೋವಿಂದ ಪೈಗಳ ಕೃತಿಗಳು ಈ ಲೆಕ್ಕದಂತೆ 2024ರ ಆರಂಭದಿಂದ ಎಲ್ಲರ ಸ್ವತ್ತು. ಇಂದಿನ ಲೇಖಕರ ಪುಸ್ತಕಗಳನ್ನು ಹಣ ಕೊಟ್ಟು ಕೊಳ್ಳುವುದೇ ಧರ್ಮ.

ಮೊನ್ನೆ ಹರಿಹರಕ್ಕೆ ಹೋಗಿದ್ದೆವು. ಗೂಡಿನಲ್ಲಿ ಪಂಚಾಂಗವೊಂದೇ ಇತ್ತು. ಮಿತ್ರರು ಯಂತ್ರವನ್ನು ಹಿಡಿದು ಜಗಲಿಯಲ್ಲಿ ಕುಳಿತಿದ್ದರು. ನಾವು ಬಂದುದನ್ನು ಕಂಡು, "ಸ್ವಲ್ಪ ತಾಳಿ, ಈ ಅಧ್ಯಾಯ ಮುಗಿಯಲಿ" ಎಂದರು. ನಾವು ಸಂತೋಷದಿಂದಲೇ ಕಾದೆವು.